ಅಕ್ಕನಿಗೆ ಉಳಿದ ಮಾತು

ಸೆಪ್ಟೆಂಬರ್ 4, ಗುರುವಾರ

ಅಕ್ಕನನ್ನು ಜನರಲ್ ವಾರ್ಡಿಗೆ ತಂದಿದ್ದಾರೆ. ಜೀವಕ್ಕೆ ಅಪಾಯವಿಲ್ಲವಂತೆ. ಬಲಗೈ, ಬಲಗಾಲು ಎರಡೂ ಅವಳ ಮಾತು ಕೇಳುತ್ತಿಲ್ಲ. ಅವಳ ಮಾತು ಕೇಳದೆ ಇರುವ ಧೈರ್ಯ ನಮ್ಮ ಮನೆಯಲ್ಲಿ ಇದುವರೆಗೆ ಯಾರಿಗೂ ಇರಲಿಲ್ಲ.

"ಮೆದುಳಿನ ರಕ್ತನಾಳದಲ್ಲಿ ಹೆಪ್ಪುಗಟ್ಟಿತ್ತು. ಔಷಧಿ ಕೊಟ್ವಿ, ಕರಗಿದೆ. ನೀವು ಬೇಗ ಕರ್ಕೊಂಡು ಬಂದಿದ್ದು ಒಳ್ಳೇದಾಯ್ತು," ಎಂದರು ಡಾಕ್ಟರು. ನಾನು ಹೂಂ ಎಂದೆ. ಅಕ್ಕನಿಗೆ ಮಾತು ಬರುತ್ತದೆಯೇ, ಯಾವಾಗ ಬರುತ್ತದೆ, ನಾನೇನು ಮಾಡಬೇಕು, ಇದೆಲ್ಲ ಕೇಳಬೇಕಿತ್ತು. ಡಾಕ್ಟರು ಪಕ್ಕದ ಹಾಸಿಗೆಗೆ ಹೋದ ಮೇಲೆ ಪ್ರಶ್ನೆಗಳು ಒಂದೊಂದಾಗಿ ನಾಲಿಗೆಯ ತುದಿಗೆ ಬಂದು ನಿಂತವು.

ಕೇಳುವುದು, ಹೇಳುವುದು, ಬೈಯುವುದು, ಚೌಕಾಸಿ ಮಾಡುವುದು ಎಲ್ಲ ಅಕ್ಕನ ಇಲಾಖೆ. ಅವಳು ಬಾಯಿ, ನಾನು ಕೈ. ಅಪ್ಪ ಬಿಟ್ಟುಹೋದ ಮೇಣದಬತ್ತಿಯ ಕಾರ್ಖಾನೆ ಇಷ್ಟು ವರ್ಷ ಹಾಗೆಯೇ ನಡೆದಿದೆ. ನನ್ನ ಮದುವೆಯ ಮಾತು ಬಂದಾಗಲೂ ಮಾತಾಡಿದವಳು ಅವಳೇ, ಮಾತು ಮುರಿದವಳೂ ಅವಳೇ. ಆಗಲೂ ನಾನು ಹೂಂ ಎಂದೆ. ಬಾಯಿಗೆ ಬಾರದೆ ಉಳಿದದ್ದಕ್ಕೆ ಈ ಪುಸ್ತಕ ಇದೆ.

ಈಗ ಅವಳು ಕಣ್ಣು ಮುಚ್ಚಿ ಮಲಗಿದ್ದಾಳೆ. ವಾರ್ಡಿನಲ್ಲಿ ಎಷ್ಟೋ ಜನ ಮಾತಾಡುತ್ತಿದ್ದಾರೆ. ನನಗೆ ಮಾತ್ರ ಭಣಭಣ ಎನ್ನುತ್ತಿದೆ.

ಸೆಪ್ಟೆಂಬರ್ 7, ಭಾನುವಾರ

ಅಕ್ಕ ಮಾತಾಡಿದಳು!

ಬೆಳಗ್ಗೆ ನರ್ಸ್ ದಿಂಬು ಸರಿಮಾಡುತ್ತಿದ್ದಾಗ ಕಣ್ಣುಬಿಟ್ಟು, ನನ್ನ ಕಡೆ ನೋಡಿ, ಸ್ಪಷ್ಟವಾಗಿ "ಕರಗ್ತಾ?" ಎಂದಳು.

ಯೋಚಿಸದೆ "ಇನ್ನೂ ಇಲ್ಲ ಅಕ್ಕ" ಎಂದುಬಿಟ್ಟೆ.

ನರ್ಸ್ ಇಬ್ಬರನ್ನೂ ನೋಡಿದಳು. ಅವಳಿಗೆ ಹೇಗೆ ಗೊತ್ತಾಗಬೇಕು? ನಮ್ಮ ಕಾರ್ಖಾನೆಯಲ್ಲಿ ಮೇಣ ಕಾಯಿಸುವ ಪಾತ್ರೆ ಹಿಂದಿನ ಗೋಡೆಯ ಮರೆಯಲ್ಲಿದೆ, ಅಚ್ಚುಗಳ ಮೇಜು ಮುಂದೆ ಇದೆ. ಹಿಂದೆ ನಾನು, ಮುಂದೆ ಅವಳು. ಮೇಣ ಮೇಲೆ ನೀರಾಗಿ ಕಂಡರೂ ತಳದಲ್ಲಿ ಗಟ್ಟಿ ಕೂತಿರುತ್ತದೆ. ಅವಸರಕ್ಕೆ ಹೊಯ್ದು ಅಪ್ಪ ಒಮ್ಮೆ ಕೈ ಸುಟ್ಟುಕೊಂಡ ಮೇಲೆ ಒಂದು ಕಟ್ಟಳೆ ಮಾಡಿದರು. ಮುಂದಿನವರು "ಕರಗ್ತಾ?" ಎಂದು ಕೂಗಬೇಕು. ಹಿಂದಿನವರು ಸೌಟು ಆಡಿಸಿ ನೋಡಿ "ಕರಗ್ತು" ಎನ್ನಬೇಕು, ಇಲ್ಲವೇ "ಇನ್ನೂ ಇಲ್ಲ" ಎನ್ನಬೇಕು. ಅದಾಗದೆ ಯಾರೂ ಮೇಣ ಹೊಯ್ಯುವ ಜಗ್ಗು ಎತ್ತುವಂತಿಲ್ಲ. ದಿನಕ್ಕೆ ಅದೆಷ್ಟು ಸಲ ಕೂಗಿದ್ದೇವೋ. ನಾವಿಬ್ಬರು ಆಡಿಕೊಂಡ ಮಾತಿನಲ್ಲಿ ಮುಕ್ಕಾಲು ಪಾಲು ಅದೇ ಇರಬೇಕು.

ನೀರು ಬೇಕಾ ಅಕ್ಕ ಎಂದೆ. "ಕರಗ್ತಾ," ಎಂದಳು. ನೋವಿದೆಯಾ ಎಂದೆ. "ಕರಗ್ತಾ." ನಾನು ಯಾರು ಹೇಳು ಎಂದೆ. ನನ್ನನ್ನೇ ದಿಟ್ಟಿಸಿ, ಬಾಯಿ ಓರೆ ಮಾಡಿ, ಬಹಳ ಕಷ್ಟಪಟ್ಟು, "ಕರಗ್ತಾ" ಎಂದಳು. ಅವಳ ಕಣ್ಣಲ್ಲಿ ಹೆದರಿಕೆ ಕಂಡಿತು. ಅಕ್ಕ ಹೆದರಿದ್ದನ್ನು ನಾನು ನೋಡಿದ್ದು ಇದೇ ಮೊದಲು.

ಸೆಪ್ಟೆಂಬರ್ 12, ಶುಕ್ರವಾರ

ಮೊದಲ ಎರಡು ದಿನ ನೋಡಲು ಬಂದ ಜನಕ್ಕೆ ವಾರ್ಡಿನಲ್ಲಿ ನಿಲ್ಲಲು ಜಾಗವಿರಲಿಲ್ಲ. ಈಗ ಎಲ್ಲ ಕರಗಿದರು. ಒಂದೇ ಮಾತನ್ನು ಮತ್ತೆ ಮತ್ತೆ ಹೇಳುವ ರೋಗಿಯ ಮುಂದೆ ಎಷ್ಟು ಹೊತ್ತು ಕೂತಾರು?

ಬಿಡದೆ ಬರುವವಳು ಬತ್ತಿಯಮ್ಮ ಒಬ್ಬಳೇ. ನಮ್ಮಲ್ಲಿ ಬತ್ತಿಯ ದಾರ ಕತ್ತರಿಸುವವಳು. ಅಕ್ಕ ಇಟ್ಟ ಹೆಸರು ಅದು, ಈಗ ಅವಳ ಮೊಮ್ಮಕ್ಕಳೂ ಹಾಗೇ ಕರೆಯುತ್ತಾರೆ. ಇವತ್ತು ನನ್ನನ್ನು ನೋಡಿ, "ಏನ್ ಚಿಕ್ಕಮ್ಮೋರೆ, ಕಾಯಿಲೆ ಅವರಿಗೆ, ಕರಗಿ ಹೋಗಿರೋದು ನೀವು!" ಎಂದಳು. ಆಸ್ಪತ್ರೆಯ ಎದುರಿನ ಗೋಡೆಯ ಮೇಲೆ ಬೊಜ್ಜು ಕರಗಿಸುವ ಪುಡಿಯ ಜಾಹೀರಾತು ಇದೆ. ಖರ್ಚಿಲ್ಲದೆ ನನ್ನದು ಕರಗಿದೆ ಎಂದು ಹೇಳಬೇಕು ಅನಿಸಿತು. ಹೇಳಲಿಲ್ಲ, ನಕ್ಕೆ.

ಇಷ್ಟು ವರ್ಷ ಈ ಮಾತನ್ನು ಮೇಣಕ್ಕೆ ಮಾತ್ರ ಮೀಸಲಿಟ್ಟಿದ್ದೆ. ಈಗ ಕಿವಿ ಹೋದಲ್ಲೆಲ್ಲ ಅದೇ.

ಸೆಪ್ಟೆಂಬರ್ 20, ಶನಿವಾರ

ಅಕ್ಕ ಮನೆಗೆ ಬಂದಳು. ಮುಂದೆ ಕಾರ್ಖಾನೆ, ಹಿಂದೆ ಮನೆ, ನಡುವೆ ಒಂದು ಬಾಗಿಲು. ಗಾಲಿಕುರ್ಚಿ ಆ ಬಾಗಿಲಲ್ಲಿ ಹಿಡಿಸುತ್ತದೋ ಇಲ್ಲವೋ ಎಂದು ಅಳೆದು ಸುರಿದು ನೋಡಿದೆವು. ಹಿಡಿಸಿತು.

ಅಣ್ಣನೂ ಅವನ ಊರಿಂದ ಬಂದಿದ್ದ. ಅಕ್ಕನಿಗಿಂತ ಚಿಕ್ಕವನು, ನನಗಿಂತ ದೊಡ್ಡವನು. ಬಾಗಿಲ ಹೊರಗೆ ಕರೆದು ಮೆಲ್ಲಗೆ ಹೇಳಿದ: "ನೋಡು, ಬೇಜಾರು ಮಾಡ್ಕೋಬೇಡ. ಅವಳಿಗೆ ಏನೂ ತಿಳಿಯಲ್ಲ ಈಗ. ಹೆಸರು ಕೇಳಿದ್ರೂ ಅದೇ, ಊಟ ಕೇಳಿದ್ರೂ ಅದೇ. ನಮ್ಮೂರಲ್ಲಿ ಒಳ್ಳೇ ನರ್ಸಿಂಗ್ ಹೋಮ್ ಇದೆ, ನಾನು ದಿನಾ ಹೋಗಿ ನೋಡ್ತೀನಿ. ಮುಂದಿನ ತಿಂಗಳ ಕೊನೇಗೆ ಬಂದು ಕರ್ಕೊಂಡು ಹೋಗ್ತೀನಿ. ನೀನೊಬ್ಬಳೇ ಕಾರ್ಖಾನೆ ನೋಡ್ಕೊಳ್ಳೋದೂ ಆಗಲ್ಲ, ಮುಚ್ಚಿಬಿಡು. ನಮ್ಮನೇಗೇ ಬಾ."

ಅಣ್ಣ ಕೆಟ್ಟವನಲ್ಲ. ಹೇಳುವಾಗ ಅವನ ದನಿ ಒಡೆಯಿತು. ಆದರೆ ಬಾಗಿಲು ಪೂರ್ತಿ ಮುಚ್ಚಿರಲಿಲ್ಲ, ಒಳಗೆ ಅಕ್ಕ ನಮ್ಮ ಕಡೆಗೇ ನೋಡುತ್ತಿದ್ದಳು. ಅವಳಿಗೆ ತಿಳಿಯುವುದಿಲ್ಲ ಎಂದು ಇವನಿಗೆ ಹೇಗೆ ತಿಳಿಯಿತು? ತಿಳಿಯುತ್ತದೆ ಎಂದು ನಾನಾದರೂ ಹೇಗೆ ಹೇಳಲಿ?

ಹೂಂ ಎಂದೆ.

ಸೆಪ್ಟೆಂಬರ್ 22, ಸೋಮವಾರ

ಮಾತು ಕಲಿಸುವ ಮೇಡಂ ಬಂದಿದ್ದರು. ಚಿಕ್ಕ ವಯಸ್ಸು, ಅವಸರವಿಲ್ಲದ ಹುಡುಗಿ. ಹೀಗೆ ಒಂದೇ ಮಾತು ಉಳಿಯುವುದು ಉಂಟಂತೆ. ಕೆಲವರಿಗೆ ಹೆಂಡತಿಯ ಹೆಸರು, ಕೆಲವರಿಗೆ ಒಂದು ಬೈಗುಳ. "ಮಾತು ಹೊರಗೆ ಬರೋ ದಾರಿ ಕಟ್ಟಿದೆ. ಒಳಗೆ ಎಷ್ಟು ಉಳ್ಕೊಂಡಿದೆ ಅಂತ ಈಗಲೇ ಹೇಳಕ್ಕಾಗಲ್ಲ. ಇರಬಹುದು," ಎಂದರು.

ಅಕ್ಕನಿಗೆ ಬೈಗುಳ ಉಳಿದಿದ್ದರೆ ನನಗೆ ಅರ್ಥಕ್ಕೆ ಪರದಾಟವೇ ಇರುತ್ತಿರಲಿಲ್ಲ.

"ನೀವು ಅವರ ಹತ್ರ ಮಾತಾಡ್ತಾ ಇರಿ. ಏನಾದ್ರೂ ಸರಿ. ಕಿವಿಗೆ ಮಾತು ಬೀಳ್ತಾ ಇರಬೇಕು."

"ನಾನು ಅಷ್ಟು ಮಾತಾಡೋಳಲ್ಲ," ಎಂದೆ.

"ಹಾಗಾದ್ರೆ ಕಷ್ಟ," ಎಂದು ನಕ್ಕರು.

ಅವರು ಹೋದ ಮೇಲೆ ಅಕ್ಕನ ಎದುರು ಕುರ್ಚಿ ಎಳೆದುಕೊಂಡು ಕೂತೆ. ಇಬ್ಬರೂ ಮುಖ ಮುಖ ನೋಡಿಕೊಂಡೆವು. ಕೊನೆಗೆ "ಹೊರಗೆ ಬಿಸಿಲಿದೆ," ಎಂದೆ. ಕಿಟಕಿ ತೆರೆದೇ ಇತ್ತು, ಅವಳಿಗೆ ಕಾಣುತ್ತಿತ್ತು.

ಸೆಪ್ಟೆಂಬರ್ 25, ಗುರುವಾರ

ಎಲ್ಲ ಒಂದೇ ಅಲ್ಲ!

ಇವತ್ತು ಹೊದಿಕೆ ಹೊದಿಸಿದಾಗ ಎಡಗೈಯಿಂದ ಕುರ್ಚಿಯ ತೋಳಿಗೆ ಬಡಿದು, ತಗ್ಗಿದ ದನಿಯಲ್ಲಿ, ಮೊಟಕಾಗಿ, "ಕರಗ್ತಾ, ಕರಗ್ತಾ," ಎಂದಳು. ತೆಗೆದೆ. ಸುಮ್ಮನಾದಳು. ಮತ್ತೆ ಹೊದಿಸಿದೆ. ಮತ್ತೆ ಅದೇ ದನಿ, ಅದೇ ಬಡಿತ. ಮೂರನೆಯ ಸಲ ಹೊದಿಸಿದಾಗ ಅವಳು ನೋಡಿದ ನೋಟಕ್ಕೆ ಯಾವ ಮಾತೂ ಬೇಕಿರಲಿಲ್ಲ.

ಆಮೇಲೆ ದಿನವಿಡೀ ಕಿವಿಗೊಟ್ಟೆ. ಮಾತಿನ ಕೊನೆಯನ್ನು ಎಳೆದು ಮೇಲಕ್ಕೆತ್ತಿದರೆ ಹಸಿವು. ಮೂಗಿನಲ್ಲಿ ಬಂದರೆ ದಣಿವು. ಮೊಟಕಾಗಿ ಎರಡು ಸಲ, ಜೊತೆಗೆ ಬಡಿತ, ಅಂದರೆ ತೆಗೆ, ನಿಲ್ಲಿಸು. ಬತ್ತಿಯಮ್ಮ ತಡವಾಗಿ ಬಂದಾಗ ಹುಬ್ಬೇರಿಸಿ "ಕರಗ್ತಾ?" ಎಂದದ್ದಂತೂ ಸ್ಫಟಿಕದಷ್ಟು ಸ್ಪಷ್ಟ. ಬತ್ತಿಯಮ್ಮ "ಬಸ್ಸು ಸಿಗಲಿಲ್ಲ ದೊಡ್ಡಮ್ಮೋರೆ," ಎಂದು ತಾನೇ ತಾನಾಗಿ ಸಮಜಾಯಿಷಿ ಕೊಟ್ಟಳು.

ಅಣ್ಣನಿಗೆ ಫೋನ್ ಮಾಡಿ ಹೇಳಿದೆ. "ನಿನಗೆ ಹಾಗನಿಸುತ್ತೆ ಅಷ್ಟೇ," ಎಂದ. ಇರಬಹುದೇನೋ.

ಅಕ್ಟೋಬರ್ 1, ಬುಧವಾರ

ನಗಬೇಕೋ ಅಳಬೇಕೋ ತಿಳಿಯದು. ಚಹಾ ಕೊಟ್ಟೆ. ಒಂದು ಗುಟುಕು ಕುಡಿದು, ಲೋಟ ಮುಂದೆ ಚಾಚಿ, "ಕರಗ್ತಾ?" ಎಂದಳು. ಹಸಿವಿನ ದನಿಯಲ್ಲ, ದಣಿವಿನದಲ್ಲ. ಬಿಸ್ಕತ್ತು ಕೊಟ್ಟೆ, ದಿಂಬು ಸರಿಸಿದೆ, ಫ್ಯಾನು ಹಾಕಿದೆ, ಆರಿಸಿದೆ, ಅಪ್ಪನ ಫೋಟೋ ತಂದು ತೋರಿಸಿದೆ. ಅವಳ ಮುಖ ಕೆಂಪಗಾಯಿತು. ಕೊನೆಗೆ ಎಡಗೈಯ ಬೆರಳನ್ನೇ ಚಹಾದೊಳಗೆ ಅದ್ದಿ ತಿರುವಿದಳು.

ಸಕ್ಕರೆ ತಳದಲ್ಲಿ ಹಾಗೇ ಕೂತಿತ್ತು. ಕಲಕಿರಲಿಲ್ಲ.

ಆ ಒಂದು ಮಾತಿಗೆ ಇಲ್ಲದ ಅರ್ಥಗಳನ್ನೆಲ್ಲ ಹುಡುಕುತ್ತಿದ್ದ ನನಗೆ, ಅದು ತನ್ನದೇ ಅರ್ಥದಲ್ಲಿ ಬಂದಾಗ ಮಾತ್ರ ತಲೆಗೆ ಹತ್ತಲಿಲ್ಲ. ಇದನ್ನೆಲ್ಲ ಅವಳಿಗೇ ಹೇಳಿದೆ. "ನೋಡೇ ಅಕ್ಕ, ಮೇಣ ಕರಗಿದೆಯೋ ಇಲ್ವೋ ಇಷ್ಟು ವರ್ಷ ನೋಡಿದೋಳು, ಸಕ್ಕರೆ ಕರಗಿದ್ದು ನೋಡಲಿಲ್ಲ," ಎಂದೆ. ಓರೆ ಬಾಯಲ್ಲೇ ನಕ್ಕಳು. ಹೊಟ್ಟೆಗೆ ಹಾಲು ಹೊಯ್ದಂತಾಯಿತು.

ಅಕ್ಟೋಬರ್ 11, ಶನಿವಾರ

ಅಕ್ಕನನ್ನು ಕಾರ್ಖಾನೆಯೊಳಕ್ಕೆ ಕರೆದೊಯ್ದೆ. ಅಚ್ಚಿನ ಮೇಜಿನ ಪಕ್ಕ, ಅವಳ ಮಾಮೂಲು ಜಾಗದಲ್ಲಿ ಕುರ್ಚಿ ನಿಲ್ಲಿಸಿ ನಾನು ಪಾತ್ರೆಯ ಹತ್ತಿರ ಹೋದೆ. ಸ್ವಲ್ಪ ಹೊತ್ತಿಗೆ ಗೋಡೆಯಾಚೆಯಿಂದ "ಕರಗ್ತಾ?" ಎಂದಳು. ಸೌಟು ಆಡಿಸಿ "ಕರಗ್ತು" ಎಂದೆ. ಬತ್ತಿಯಮ್ಮ ಜಗ್ಗು ಹಿಡಿದು ಬಂದವಳು ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಹೊಗೆ ಎಂದಳು. ಹೊಗೆ ಎಲ್ಲಿತ್ತು?

ಮಧ್ಯಾಹ್ನ ಹೋಟೆಲಿನ ಖರೀದಿಯವನು ಬಂದು, ಅಕ್ಕ ಹಾಸಿಗೆ ಹಿಡಿದಿದ್ದಾಳೆಂದು ತಿಳಿದೇ ಇರಬೇಕು, ಹಳೇ ದರಕ್ಕೇ ಇನ್ನೂ ದೊಡ್ಡ ಅಳತೆಯ ಮೇಣದಬತ್ತಿ ಕೇಳಿದ. ಆಗುವುದಿಲ್ಲ ಎಂದೆ. ಏಕೆ ಆಗುವುದಿಲ್ಲ ಎಂದೂ ಹೇಳಿದೆ. ಬಹಳ ಹೊತ್ತು ಹೇಳಿದೆ ಅನಿಸುತ್ತದೆ, ಅವನು ನೀರು ಕೇಳಿ ಕುಡಿದು ಹೋದ.

ಊಟ ಮುಗಿಸಿ ಒಳಮನೆಯಲ್ಲಿದ್ದ ಅಕ್ಕ ಒಂದು ಬಗೆಯಾಗಿ "ಕರಗ್ತಾ!" ಎಂದಳು. ಈ ದನಿ ಹೊಸದು. ಅರ್ಥ ಇನ್ನೂ ಸಿಕ್ಕಿಲ್ಲ.

ಅಕ್ಟೋಬರ್ 18, ಶನಿವಾರ

ಬರೆಯಲು ಕೂತರೆ ಏನೂ ಹೊಳೆಯುತ್ತಿಲ್ಲ. ಇವತ್ತಿನದೆಲ್ಲ ಅಕ್ಕನಿಗೆ ಹೇಳಿ ಆಗಿದೆ.

ಅಕ್ಟೋಬರ್ 25, ಶನಿವಾರ

ಅಣ್ಣ ಬಂದ. ಕಾರು ತಂದಿದ್ದ, ಹಿಂದಿನ ಸೀಟಿಗೆ ಮೆತ್ತನೆಯ ಹಾಸು ಹಾಸಿ ತಂದಿದ್ದ.

ಕಾರ್ಖಾನೆಯಲ್ಲಿ ಕೆಲಸ ನಡೆದಿತ್ತು. ನಾನು ಗೋಡೆಯ ಮರೆಯಿಂದ ಈಚೆ ಬಂದು, ಕಳುಹಿಸುವುದಿಲ್ಲ ಎಂದೆ. ಅವನು ಕಳುಹಿಸಲೇಬೇಕು ಎಂದ. ಅವನು ಏರಿಗೆಳೆದ, ನಾನು ನೀರಿಗೆಳೆದೆ. ನಡುವೆ ಅಕ್ಕ "ಕರಗ್ತಾ?" ಎಂದಳು. ತಿರುಗಿ ನೋಡದೆ "ಕರಗ್ತು ಕರಗ್ತು" ಎಂದು ಮಾತು ಮುಂದುವರಿಸಿದೆ. ಅವಳು ಮತ್ತೆ ಅಂದಳು. ಈ ಸಲ ತಗ್ಗಿದ ದನಿ. ಮೊಟಕಾಗಿ, ಎರಡು ಸಲ, ಕುರ್ಚಿಯ ತೋಳಿಗೆ ಬಡಿತ.

ತೆಗೆ! ನಿಲ್ಲಿಸು!

ಮಾತು ಅರ್ಧಕ್ಕೆ ಬಿಟ್ಟು ಹಿಂದಕ್ಕೆ ಓಡಿದೆ. ಮೇಣದ ಪಾತ್ರೆ ನೀರು ತುಂಬಿದ ದೊಡ್ಡ ಪಾತ್ರೆಯೊಳಗೆ ಕೂತಿರುತ್ತದೆ. ಆ ನೀರು ಪೂರ್ತಿ ಇಂಗಿ ಹೋಗಿತ್ತು. ಬೆಳಗ್ಗೆಯಿಂದ ಅಣ್ಣನಿಗೆ ಏನೇನು ಹೇಳಬೇಕೆಂದು ಲೆಕ್ಕ ಹಾಕುತ್ತಾ ನೀರು ಹಾಕುವುದನ್ನೇ ಮರೆತಿದ್ದೆ. ಲೋಹ ಕಾದ ವಾಸನೆ, ಮೇಣದ ಮೇಲೆ ಬಿಳಿ ಹೊಗೆಯ ಎಳೆ. ಇನ್ನೊಂದು ಗಳಿಗೆ ಬಿಟ್ಟಿದ್ದರೆ ಬೆಂಕಿ. ಒಲೆ ಆರಿಸಿ, ಮುಚ್ಚಳ ಹಾಕಿ, ಗೋಡೆಗೆ ಒರಗಿ ನಿಂತೆ. ಆಮೇಲೆ ಈಚೆ ಬಂದೆ.

"ನೋಡಿದ್ಯಾ! ಇಲ್ಲಿ ಕೂತು ವಾಸನೆ ಹಿಡಿದು ಹೇಳಿದಳು!" ಎಂದೆ.

ಅಣ್ಣ ತಲೆ ಕೊಡವಿದ. "ನಾನು ಬಂದಾಗಿಂದ ಅವಳು ಅದನ್ನೇ ಹೇಳ್ತಿದ್ದಾಳಲ್ಲೇ. ನೂರು ಸಲ ಹೇಳಿದ್ರೆ ಒಂದು ಸಲ ಹೊಂದಿಕೊಳ್ಳುತ್ತೆ."

ಆಗ ನನಗೆ ಸಿಟ್ಟು ಬಂತು. ಹಸಿವಿನ ದನಿ ಹೇಳಿದೆ, ದಣಿವಿನ ದನಿ ಹೇಳಿದೆ, ಸಕ್ಕರೆಯ ಕತೆ ಹೇಳಿದೆ, ಒಂದೊಂದನ್ನೂ ಅಕ್ಕನ ಹಾಗೇ ಅಂದು ತೋರಿಸಿದೆ. ನೀನು ಫೋನಿನಲ್ಲಿ ಕ್ಷೇಮ ಕೇಳುವವನು, ನಾನು ಅವಳ ಬಾಯಿ ನೋಡಿಕೊಂಡು ಕೂತಿರುವವಳು, ಯಾರಿಗೆ ಗೊತ್ತಿರುತ್ತದೆ ಎಂದೆ. ಅವಳ ಮನೆ ಇದು, ಅವಳ ಕೂಗಿಗೆ ಉತ್ತರ ಸಿಗುವ ಜಾಗ ಇದೊಂದೇ, ಅಲ್ಲಿ "ಕರಗ್ತಾ" ಎಂದರೆ ಯಾವ ನರ್ಸ್ "ಕರಗ್ತು" ಎನ್ನುತ್ತಾಳೆ ಎಂದೆ. ಇನ್ನೂ ಏನೇನೋ ಎಂದೆ. ಗಂಟಲು ಒಣಗಿತು.

ಅಣ್ಣ ಬಾಯಿ ತೆರೆದು ನೋಡುತ್ತಿದ್ದ. "ನಿನಗೆ ಯಾವಾಗಿಂದ ಇಷ್ಟು ಮಾತು?" ಎಂದ. ಕೇಳಬೇಕಾದ್ದು ಬಿಟ್ಟು ಇಲ್ಲದ್ದನ್ನು ಕೇಳುವುದು ಅವನ ಹಳೆಯ ಚಾಳಿ.

ಆಮೇಲೆ ಅವನೇ ಅಕ್ಕನ ಮುಂದೆ ಮಂಡಿಯೂರಿ ಕೂತ. "ಅಕ್ಕ, ನಾನು ಯಾರು ಗೊತ್ತಾಗುತ್ತಾ?" ಎಂದ. ಅವಳು ಅವನ ಮುಖವನ್ನೇ ನೋಡಿದಳು. ಎಡಗೈಯನ್ನು ಮೆಲ್ಲಗೆ ಎತ್ತಿ ಅವನ ತಲೆಯ ಮೇಲಿಟ್ಟಳು. ಬೋಳಾದ ನಡುನೆತ್ತಿಯ ಮೇಲೆ ಒಂದು ಸುತ್ತು ಸವರಿ, ಹುಬ್ಬೇರಿಸಿ, ಕನಿಕರ ತುಂಬಿದ ದನಿಯಲ್ಲಿ, "ಕರಗ್ತಾ?" ಎಂದಳು.

ಬತ್ತಿಯಮ್ಮ ಕಿಸಕ್ಕನೆ ನಕ್ಕುಬಿಟ್ಟಳು. ಅಣ್ಣನಿಗೂ ನಗು ಬಂತು. ಮೂವತ್ತು ದಾಟಿದಾಗಿನಿಂದ ಅವನು ಬಂದಾಗಲೆಲ್ಲ ಅಕ್ಕ ಮೊದಲು ವಿಚಾರಿಸುತ್ತಿದ್ದುದು ಅವನ ಕೂದಲನ್ನೇ. ನಗುತ್ತಿದ್ದವನು ಅವಳ ಮಡಿಲಲ್ಲಿ ತಲೆಯಿಟ್ಟು ಅತ್ತ. ಅವಳು ಸವರುತ್ತಲೇ ಇದ್ದಳು.

"ಇವಳು ಅದೇ ಅಕ್ಕನೇ," ಎಂದ ಎದ್ದ ಮೇಲೆ. "ಇರ್ಲಿ. ಇಲ್ಲೇ ಇರ್ಲಿ ಬಿಡು."

ಊಟ ಮಾಡಿಕೊಂಡು ಹೋದ. ಮೆತ್ತನೆಯ ಹಾಸನ್ನು ಅಕ್ಕನ ಕುರ್ಚಿಗೆ ಬಿಟ್ಟುಹೋದ. ನಾನು ಬಾಗಿಲು ಹಾಕಿಕೊಂಡು ಒಂದಿಷ್ಟು ಅತ್ತು, ಮುಖ ತೊಳೆದು, ಪಾತ್ರೆಗೆ ನೀರು ತುಂಬಿಸಿದೆ.

ನವೆಂಬರ್ 2, ಭಾನುವಾರ

ಎಲ್ಲ ಸರಿಯಾಗಿದೆ. ಅಕ್ಕ ಎಡಗೈಯಲ್ಲಿ ಚಮಚ ಹಿಡಿಯುತ್ತಾಳೆ. ಬೇರೆ ಮಾತು ಮಾತ್ರ ಇನ್ನೂ ಒಂದೂ ಇಲ್ಲ. ಬಾರದಿದ್ದರೂ ನಡೆಯುತ್ತದೆ ಎಂದು ಬತ್ತಿಯಮ್ಮನಿಗೆ ಹೇಳಿದೆ. ನಡೆಯುತ್ತದೆ ನಿಜ. ಆದರೂ ಒಂದು ಸಲ ಅವಳ ಬಾಯಿಂದ ಬೇರೆ ಏನಾದರೂ ಕೇಳಬೇಕು. ನನ್ನ ಹೆಸರೇ ಆಗಬೇಕೆಂದಿಲ್ಲ.

ಮೇಡಂ ನನ್ನನ್ನು ಕೇಳಿದರು, "ನಾನು ಅಷ್ಟು ಮಾತಾಡೋಳಲ್ಲ ಅಂದಿದ್ರಲ್ವಾ ನೀವು?" ಹೌದು, ನಾನು ಮಾತು ಕಡಿಮೆಯವಳೇ ಎಂದು ಅವರಿಗೆ ವಿವರವಾಗಿ ತಿಳಿಸಿದೆ. ಬಸ್ಸು ತಪ್ಪುತ್ತದೆಂದು ಅವರೇ ಎದ್ದುಹೋದರು.

ನವೆಂಬರ್ 9, ಭಾನುವಾರ

ಇದನ್ನು ಈಗಲೇ ಬರೆದಿಡಬೇಕು, ಅಕ್ಷರ ಸೊಟ್ಟಗಿದ್ದರೆ ಇರಲಿ.

ಬೆಳಗ್ಗೆ ತಿಂಡಿಯಾದ ಮೇಲೆ ಅಣ್ಣ ಫೋನ್ ಮಾಡಿದ. ಅಕ್ಕನ ತಲೆ ಬಾಚುತ್ತಾ, ಫೋನನ್ನು ಕಿವಿಗೂ ಭುಜಕ್ಕೂ ನಡುವೆ ಸಿಕ್ಕಿಸಿಕೊಂಡು ಮಾತಾಡುತ್ತಿದ್ದೆ. ಅವಳು ಎಷ್ಟು ತಿಂದಳು, ಏನು ಬಿಟ್ಟಳು, ಮೇಡಂ ಏನಂದರು, ಹೋಟೆಲಿನವನಿಗೆ ಯಾವ ಅಳತೆ ಒಪ್ಪಿಸಿದೆ, ಬತ್ತಿಯಮ್ಮನ ಮೊಮ್ಮಗಳಿಗೆ ಹಲ್ಲು ಬಿದ್ದದ್ದು, ಎದುರುಮನೆಯವರು ಬಣ್ಣ ಹೊಡೆಸುತ್ತಿರುವುದು, ಆ ಬಣ್ಣ ಚೆನ್ನಾಗಿಲ್ಲದಿರುವುದು. ಅಣ್ಣ ಹೂಂ, ಹೂಂ ಎನ್ನುತ್ತಿದ್ದ. ಬಣ್ಣ ಏಕೆ ಚೆನ್ನಾಗಿಲ್ಲ ಎಂಬುದನ್ನು ಶುರುಮಾಡಿದ್ದೆ.

ಅಕ್ಕ ಬಾಚಣಿಗೆಯ ಕೆಳಗಿಂದ ತಲೆ ಎಳೆದುಕೊಂಡು, ತಿರುಗಿ ನನ್ನನ್ನು ನೋಡಿದಳು. ತುಟಿ ಕೂಡಿಸಿದಳು, ಬಿಟ್ಟಳು, ಮತ್ತೆ ಕೂಡಿಸಿದಳು. ಕತ್ತಿನ ನರ ಉಬ್ಬಿತು.

"ಸುಮ್... ಸುಮ್ನಿರೇ!"

ಬಾಚಣಿಗೆ ಕೈಯಿಂದ ಬಿತ್ತು.

ಫೋನಿನೊಳಗೆ ಅಣ್ಣ "ಯಾರದು? ಯಾರೇ ಅದು?" ಎನ್ನುತ್ತಿದ್ದ.

"ಅಕ್ಕ," ಎಂದೆ.

ಅವನು ಮೂಗು ಸೀಟಿಕೊಂಡ ಸದ್ದು ಕೇಳಿತು. "ಇನ್ನೊಂದು ಸಲ ಹೇಳಿಸೇ," ಎಂದ.

"ಹೇಗೆ ಹೇಳಿಸ್ಲಿ? ನಾನು ಸುಮ್ನಾಗಿಬಿಟ್ಟಿದ್ದೀನಲ್ಲ."

ಅಕ್ಕ ತನ್ನ ಬಾಯಿಯನ್ನು ತಾನೇ ಎಡಗೈಯಿಂದ ಮುಟ್ಟಿ ನೋಡಿಕೊಳ್ಳುತ್ತಿದ್ದಳು. ಅವಳ ಕಣ್ಣಲ್ಲಿ ನೀರು, ನನ್ನ ಕಣ್ಣಲ್ಲೂ ನೀರು. ಇಬ್ಬರಿಗೂ ನಗು. ಹೀಗೇ ಬಿಟ್ಟರೆ ಆ ಮಾತು ಬಂದ ದಾರಿಯಲ್ಲೇ ತಿರುಗಿ ಹೋದೀತು ಎಂದು ಹೆದರಿಕೆಯಾಯಿತು.

ನೆಲದ ಮೇಲಿನ ಬಾಚಣಿಗೆ ಎತ್ತಿಕೊಂಡೆ. ಫೋನನ್ನು ಅಕ್ಕನ ಹತ್ತಿರಕ್ಕೆ ಹಿಡಿದೆ. ಗಂಟಲು ಸರಿಮಾಡಿಕೊಂಡು, ಎದುರುಮನೆಯ ಬಣ್ಣದ ವಿಷಯವನ್ನು ಮೊದಲಿನಿಂದ ಶುರುಮಾಡಿದೆ.